ಬಾಣಬಿರುಸು ಪ್ರದರ್ಶನದ ಕಸುಬನ್ನು ಸ್ವಯಂಸೇವಕರಾಗಿ ಕಲಿಯುವುದು: ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಊರಿನ ಜಾತ್ರೆಯಲ್ಲಿ ಬೆಡಿ, ಅಂದರೆ ಬಾಣಬಿರುಸಿನ ಪ್ರದರ್ಶನ, ನೋಡಿ ಬೆಳೆದವರು ಮುಂಬಯಿಯ ಕನ್ನಡಿಗರಲ್ಲಿ ಬಹಳ ಮಂದಿ ಇದ್ದಾರೆ. ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಏಪ್ರಿಲ್ ಜಾತ್ರೆಗೆಂದು ಇಲ್ಲಿನ ಹೋಟೆಲು, ಬ್ಯಾಂಕು, ಕಚೇರಿಗಳಿಂದ ರಜೆ ಹಾಕಿ ಹೋಗುವ ಹಲವರಿಗೆ ರಥದಷ್ಟೇ ಬೆಡಿಯೂ ಮುಖ್ಯ. ನಮ್ಮ ನಾಡಿಗೆ ಈ ಪ್ರೀತಿ ಹೊಸದೂ ಅಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್, ಮಹಾನವಮಿಯ ಸಂಭ್ರಮದಲ್ಲಿ ಕಂಡ ಬಾಣಬಿರುಸುಗಳ ಬಗ್ಗೆ ಬರೆದಿಟ್ಟಿದ್ದಾನೆ. ಆದರೆ ನೋಡುವ ಪ್ರೀತಿಯೇ ಬೇರೆ, ಮಾಡುವ ಕೆಲಸವೇ ಬೇರೆ. ಈ ಕಸುಬನ್ನು ಕೈಯಾರೆ ಕಲಿಯಬೇಕೆಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಇಲ್ಲಿ ಬೆಂಕಿ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ ಕಲಿಯುವ ವಿಷಯ. ಹತ್ತು ನಿಮಿಷದ ಪ್ರದರ್ಶನವೊಂದರ ಹಿಂದೆ ಇಡೀ ಹಗಲಿನ ಹೊರೆಗೆಲಸ, ಅಳತೆ, ಕಟ್ಟುವಿಕೆ, ಪರೀಕ್ಷೆ ಮತ್ತು ಕಾಯುವಿಕೆ ಇರುತ್ತದೆ. ಮರುದಿನ ಬೆಳಗಿನ ಹುಡುಕಾಟವೂ ಇರುತ್ತದೆ. ಇವೆಲ್ಲವನ್ನೂ ಅದೇ ಶ್ರದ್ಧೆಯಿಂದ ಮಾಡಬಲ್ಲವರಿಗೆ, ತಂಡವೊಂದರಲ್ಲಿ ಸ್ವಯಂಸೇವಕರಾಗಿ ಸೇರುವುದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಂಡಿಲ್ಲ.

ಕಾನೂನಿನ ಅರಿವಿಲ್ಲದೆ ಹೊಸ್ತಿಲು ದಾಟಬೇಡಿ

ಬಾಣಬಿರುಸು ಕಾನೂನಿನ ದೃಷ್ಟಿಯಲ್ಲಿ ಸ್ಫೋಟಕ. 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳು ಇದರ ತಯಾರಿಕೆ, ದಾಸ್ತಾನು, ಸಾಗಣೆ, ಮಾರಾಟ ಮತ್ತು ಬಳಕೆಯನ್ನು ನಿಯಂತ್ರಿಸುತ್ತವೆ. ಇದನ್ನು ಜಾರಿಗೊಳಿಸುವ ಕೇಂದ್ರ ಸಂಸ್ಥೆಯಾದ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಪ್ರಧಾನ ಕಚೇರಿ ನಾಗಪುರದಲ್ಲಿದೆ. ಪಶ್ಚಿಮ ವಲಯದ ಕಚೇರಿ ನವಿ ಮುಂಬಯಿಯ ಸಿಬಿಡಿ ಬೇಲಾಪುರದಲ್ಲಿದೆ. ಹದಿನೆಂಟು ವರ್ಷ ತುಂಬದವರನ್ನು ಸ್ಫೋಟಕಗಳ ಕೆಲಸಕ್ಕೆ ತೊಡಗಿಸುವಂತಿಲ್ಲ. ಆದ್ದರಿಂದ ಕಾಲೇಜಿನ ಮೊದಲ ವರ್ಷದ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಬರುವ ಉತ್ಸಾಹವಿದ್ದವರು ಮೊದಲು ಅವರ ವಯಸ್ಸಿನ ದಾಖಲೆಯನ್ನು ನೋಡಿಕೊಳ್ಳಬೇಕು.

ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಪಡೆಯುವ ಹೊಣೆ ಅದನ್ನು ನಡೆಸುವ ಸಂಸ್ಥೆಯದು, ಸ್ವಯಂಸೇವಕರದಲ್ಲ. ಆದರೂ ಅನುಮತಿ ಪತ್ರವನ್ನು ಕಣ್ಣಾರೆ ನೋಡದೆ ಕೆಲಸಕ್ಕೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 2016ರ ಏಪ್ರಿಲ್ 10ರಂದು ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಸ್ಥಾನದಲ್ಲಿ ಬಾಣಬಿರುಸು ಸ್ಫೋಟಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಸ್ಪರ್ಧಾ ಪ್ರದರ್ಶನಕ್ಕೆ ಜಿಲ್ಲಾಡಳಿತ ಅನುಮತಿಯನ್ನೇ ಕೊಟ್ಟಿರಲಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೈವಸ್ಥಾನದಲ್ಲಿ, ಸಿಡಿಯುತ್ತಿದ್ದ ಪಟಾಕಿಯ ಕಿಡಿ ಹತ್ತಿರದಲ್ಲೇ ಇರಿಸಿದ್ದ ದಾಸ್ತಾನಿನ ಮೇಲೆ ಬಿದ್ದು ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಆಮೇಲೆ ಪ್ರಾಣವನ್ನೂ ಕಳೆದುಕೊಂಡರು. ಈ ಎರಡು ದುರಂತಗಳ ವಿವರಗಳನ್ನು ಹೊಸಬರು ಓದಲೇಬೇಕು. ದಾಸ್ತಾನು ಎಲ್ಲಿದೆ, ಹಾರಿಸುವ ಜಾಗ ಎಲ್ಲಿದೆ, ಜನ ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಮೈದಾನದಲ್ಲೂ ತಾವಾಗಿಯೇ ಕೇಳಿಕೊಳ್ಳುವ ಅಭ್ಯಾಸ ಅಲ್ಲಿಂದಲೇ ಶುರುವಾಗಬೇಕು.

ಶಬ್ದ ಮತ್ತು ಹೊತ್ತಿನ ನಿಯಮಗಳೂ ಇವೆ. ಪಟಾಕಿ ಸಿಡಿಯುವ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ ಶಬ್ದವು 125 ಡೆಸಿಬಲ್ ಮೀರಬಾರದೆಂಬ ಮಿತಿ 1999ರಿಂದ ಇದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗಿನ ನಿರ್ಬಂಧವನ್ನೂ, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನೂರು ಮೀಟರ್ ನಿಶ್ಶಬ್ದ ವಲಯವನ್ನೂ ತಿಳಿದಿರಬೇಕು. 2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಸರಪಟಾಕಿಯನ್ನೂ ಬೇರಿಯಂ ಲವಣಗಳ ಬಳಕೆಯನ್ನೂ ನಿಷೇಧಿಸಿ, ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತರವರೆಗೆ, ಕ್ರಿಸ್‌ಮಸ್ ಮತ್ತು ಹೊಸವರ್ಷಕ್ಕೆ 11.55ರಿಂದ 12.30ರವರೆಗೆ ಎಂದು ಹೊತ್ತು ಗೊತ್ತುಪಡಿಸಿತು. ಹೈಕೋರ್ಟು ಮತ್ತು ರಾಜ್ಯ ಸರ್ಕಾರಗಳ ಆದೇಶಗಳು ವರ್ಷವರ್ಷಕ್ಕೆ ಬದಲಾಗುವುದರಿಂದ ಆಯಾ ಋತುವಿನ ಆದೇಶವನ್ನು ಹೊಸದಾಗಿ ಓದುವುದು ಒಳ್ಳೆಯದು.

ಇನ್ನೊಂದು ಮಾತನ್ನು ಮುಂಬಯಿಯವರಿಗೇ ವಿಶೇಷವಾಗಿ ಹೇಳಬೇಕು. ಮೈದಾನದಲ್ಲಿ ಉಳಿದ ಒಂದೇ ಒಂದು ಶಾಟ್ ಆಗಲಿ, ಬತ್ತಿಯ ತುಂಡಾಗಲಿ ಚೀಲದಲ್ಲಿಟ್ಟುಕೊಂಡು ಲೋಕಲ್ ರೈಲು ಹತ್ತಬಾರದು. ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಅಪಾಯಕಾರಿ ವಸ್ತು ಒಯ್ದರೆ ಮೂರು ವರ್ಷದವರೆಗೆ ಸೆರೆವಾಸವಿದೆ. ಸಂಜೆಯ ಹೊತ್ತಿನ ವಿರಾರ್ ಗಾಡಿಯ ಜನಸಂದಣಿಯನ್ನು ಬಲ್ಲವರಿಗೆ ಆ ಕಲಮು ಯಾಕಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ತಂಡವನ್ನು ಹುಡುಕುವುದು

ಪ್ರದರ್ಶನ ಸಂಸ್ಥೆಗಳಿಗೆ ಹೆಚ್ಚು ಕೈಗಳು ಬೇಕಾಗುವುದು ದೀಪಾವಳಿಯಿಂದ ಫೆಬ್ರವರಿಯವರೆಗಿನ ಮದುವೆಯ ಕಾಲದಲ್ಲಿ ಮತ್ತು ಡಿಸೆಂಬರ್ 31ರ ರಾತ್ರಿ. ಆ ಹೊತ್ತಿನಲ್ಲಿ ಹೋಗಿ ಬಾಗಿಲು ತಟ್ಟಿದರೆ ಮಾತಾಡಲು ಯಾರಿಗೂ ಪುರಸೊತ್ತಿರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹೋಗಿ. ಪರಿಚಯಕ್ಕೆ ನಮ್ಮವರ ಜಾಲವೇ ಸಾಕು. ಮದುವೆ ಸಭಾಂಗಣ, ಹೋಟೆಲು, ಕೇಟರಿಂಗ್, ಮಂಟಪದ ಅಲಂಕಾರ ಇವುಗಳಲ್ಲಿ ಕರಾವಳಿಯ ಕನ್ನಡಿಗರು ಈ ನಗರದಲ್ಲಿ ಎಲ್ಲೆಲ್ಲೂ ಇದ್ದಾರೆ, ಮತ್ತು ಬಾಣಬಿರುಸಿನವರ ದೂರವಾಣಿ ಸಂಖ್ಯೆ ಅವರ ಬಳಿ ಇದ್ದೇ ಇರುತ್ತದೆ. ಮಾಟುಂಗದ ಮೈಸೂರು ಅಸೋಸಿಯೇಶನ್ ಅಥವಾ ಡೊಂಬಿವಲಿಯ ಕರ್ನಾಟಕ ಸಂಘದಂಥ ಕಡೆ ಓಡಾಡುವವರಿಗೆ ಇಂಥ ಒಬ್ಬ ಹಿರಿಯರನ್ನು ಕಂಡುಹಿಡಿಯುವುದು ಕಷ್ಟವಲ್ಲ. ಪುಣೆಯಲ್ಲಿಯೂ ಗೋವಾದಲ್ಲಿಯೂ ದಾರಿ ಇದೇ.

ಸಂಸ್ಥೆಯವರನ್ನು ಕಂಡಾಗ ಕೇಳಬೇಕಾದ ಪ್ರಶ್ನೆಗಳನ್ನು ಸಂಕೋಚಪಡದೆ ಕೇಳಿ. ಪರವಾನಗಿ ಯಾರ ಹೆಸರಿನಲ್ಲಿದೆ, ದಾಸ್ತಾನು ಎಲ್ಲಿದೆ, ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಇದೆಯೆ, ಅಪಘಾತ ವಿಮೆಯ ಪಟ್ಟಿಯಲ್ಲಿ ಸಂಬಳವಿಲ್ಲದ ಸ್ವಯಂಸೇವಕರ ಹೆಸರೂ ಸೇರುತ್ತದೆಯೆ, ಮೈದಾನದಲ್ಲಿ ಅಂತಿಮ ಮಾತು ಯಾರದು? ಕೊನೆಯ ಎರಡಕ್ಕೆ ನೇರ ಉತ್ತರ ಬಾರದಿದ್ದರೆ ಧನ್ಯವಾದ ಹೇಳಿ ಹೊರಟುಬಿಡಿ. ಮನೆಯಲ್ಲೋ ಶೆಡ್ಡಿನಲ್ಲೋ ಮದ್ದು ಅರೆದು ತುಂಬಿಸುವವರ ಬಳಿ ಎಷ್ಟೇ ಜಾಣತನವಿದ್ದರೂ ಅವರ ಸಮೀಪ ಸುಳಿಯಬಾರದು. 2023ರ ಡಿಸೆಂಬರ್‌ನಲ್ಲಿ ಪಿಂಪ್ರಿ-ಚಿಂಚವಾಡದ ತಳವಡೆಯಲ್ಲಿ ಹುಟ್ಟುಹಬ್ಬದ ಕೇಕಿನ ಮೇಲೆ ಉರಿಸುವ ಕಿಡಿಬತ್ತಿಗಳನ್ನು ಅಕ್ರಮವಾಗಿ ಮಾಡುತ್ತಿದ್ದ ಘಟಕಕ್ಕೆ ಬೆಂಕಿ ಬಿದ್ದು, ಅಲ್ಲಿ ದುಡಿಯುತ್ತಿದ್ದ ಹಲವು ಹೆಣ್ಣುಮಕ್ಕಳು ಸತ್ತರು. ಪ್ರದರ್ಶನದ ಕಸುಬು ಬೇರೆ, ತಯಾರಿಕೆಯ ಕಸುಬು ಬೇರೆ. ಸ್ವಯಂಸೇವಕರಿಗೆ ಸಲ್ಲುವುದು ಮೊದಲನೆಯದು ಮಾತ್ರ.

ಭಾಷೆಯ ಬಗ್ಗೆಯೂ ಒಂದು ಮಾತು. ತಂಡದಲ್ಲಿ ಹಿಂದಿ, ಮರಾಠಿ ಬೆರೆತ ಮಾತು ನಡೆಯುತ್ತದೆ, ಶಿವಕಾಶಿಯಿಂದ ಬಂದವರಿದ್ದರೆ ತಮಿಳೂ ಸೇರುತ್ತದೆ. ‘ನಿಲ್ಲು’, ‘ಹಿಂದೆ ಸರಿ’, ‘ಮುಟ್ಟಬೇಡ’, ‘ಕೂತುಬಿಡು’ ಎಂಬ ನಾಲ್ಕು ಆಜ್ಞೆಗಳು ಆ ತಂಡದ ಬಾಯಲ್ಲಿ ಹೇಗೆ ಬರುತ್ತವೆ ಎಂಬುದನ್ನು ಮೊದಲ ದಿನವೇ ಕಲಿತುಕೊಳ್ಳಿ. ಕತ್ತಲಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡಾಗ, ಅರ್ಥ ಹುಡುಕುವಷ್ಟು ಸಮಯ ಇರುವುದಿಲ್ಲ.

ಮೈದಾನಕ್ಕೆ ಇಳಿಯುವ ಮೊದಲಿನ ಓದು

ಇದಕ್ಕೆ ಹೆಚ್ಚು ದಿನ ಬೇಡ. ಶೆಲ್ ಎಂದರೆ ಕೊಳವೆಯಿಂದ ಮೇಲೆ ಹಾರಿ ಆಕಾಶದಲ್ಲಿ ಒಡೆಯುವ ಗುಂಡು. ಅದರ ಬುಡದ ಮದ್ದು ಮೇಲಕ್ಕೆ ಎಸೆಯುತ್ತದೆ, ಒಳಗಿನ ಕಾಲದ ಬತ್ತಿ ಉರಿಯುತ್ತ ಹೋಗಿ ತುದಿಯಲ್ಲಿ ಗುಂಡನ್ನು ಒಡೆಯುತ್ತದೆ, ಆಗ ಒಳಗಿನ ಗುಳಿಗೆಗಳು, ಅಂದರೆ ಸ್ಟಾರ್‌ಗಳು, ಹೊತ್ತಿಕೊಂಡು ಚದುರುತ್ತವೆ. ಕೆಂಪು ಸ್ಟ್ರಾನ್ಷಿಯಂನಿಂದ, ನೀಲಿ ತಾಮ್ರದಿಂದ, ಹಳದಿ ಸೋಡಿಯಂನಿಂದ, ಬೆಳ್ಳಿಯ ಕಿಡಿ ಟೈಟಾನಿಯಂನಿಂದ ಬರುತ್ತವೆ. ಮೂರು ಇಂಚು ಅಡ್ಡಳತೆಯ ಶೆಲ್ ಸುಮಾರು ಮುನ್ನೂರು ಅಡಿ ಏರುತ್ತದೆ. ಇಂಚಿಗೆ ನೂರು ಅಡಿ ಎಂಬುದು ಸ್ಥೂಲ ಲೆಕ್ಕ. ಕೇಕ್ ಎಂದು ಕರೆಯುವ, ಒಂದರ ಹಿಂದೊಂದು ಹಾರಿಸುವ ಮಲ್ಟಿ ಶಾಟ್ ಪೆಟ್ಟಿಗೆ, ನೆಲದಿಂದಲೇ ಗುಳಿಗೆಗಳನ್ನು ಒಟ್ಟಿಗೆ ಚಿಮ್ಮಿಸುವ ಮೈನ್, ಬಾಲ ಬಿಡುತ್ತ ಏರುವ ಒಂಟಿ ಗುಳಿಗೆಯ ಕಾಮೆಟ್, ಗುಳಿಗೆಗಳನ್ನು ಒಂದೊಂದಾಗಿ ಉಗುಳುವ ಕೊಳವೆಯಾದ ರೋಮನ್ ಕ್ಯಾಂಡಲ್ ಇವುಗಳ ಸ್ವಭಾವವನ್ನು ನೋಡಿಯೇ ಗುರುತಿಸಲು ಕಲಿಯಬೇಕು. ‘ಹಸಿರು ಪಟಾಕಿ’ ಎಂದರೆ ಬಣ್ಣವಲ್ಲ, ನಾಗಪುರದ ನೀರಿ ಸಂಸ್ಥೆ ರೂಪಿಸಿದ, ಹೊಗೆ ಕಡಿಮೆ ಮಾಡುವ ಸೂತ್ರದವು. ಪೊಟ್ಟಣದ ಮೇಲಿನ ಕ್ಯೂಆರ್ ಗುರುತನ್ನು ನೋಡಿ ಪೆಟ್ಟಿಗೆ ಎಣಿಸುವ ಕೆಲಸ ಬಹುತೇಕ ಹೊಸಬರ ಪಾಲಿಗೇ ಬರುತ್ತದೆ.

ಓದಿನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಒಂದಿದೆ. ಪಟಾಕಿಯ ಮದ್ದು ತನ್ನ ಉರಿಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಮುಚ್ಚಿ, ಹೊದಿಸಿ, ಗಾಳಿ ತಡೆದು ಅದನ್ನು ಆರಿಸಲಾಗದು. ಒಣಹುಲ್ಲಿಗೆ ಹತ್ತಿದ ಬೆಂಕಿಯನ್ನು ಆರಿಸಿ; ದಾಸ್ತಾನಿಗೆ ಹತ್ತಿದರೆ ಆರಿಸಲು ನಿಲ್ಲದೆ ಎಲ್ಲರನ್ನೂ ಕೂಗಿ ಕರೆದುಕೊಂಡು ದೂರ ಓಡಿ, ಆಮೇಲೆ 101ಕ್ಕೆ ಕರೆ ಮಾಡಿ. ಸುಟ್ಟ ಗಾಯವನ್ನು ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಯಾವುದೂ ಬೇಡ.

ಪ್ರದರ್ಶನದ ಹಗಲು

ಉಡುಪಿನಿಂದ ಆರಂಭಿಸೋಣ. ಉದ್ದ ತೋಳಿನ ಹತ್ತಿಯ ಅಂಗಿ, ಹತ್ತಿಯ ಪ್ಯಾಂಟು, ಚರ್ಮದ ಬೂಟು. ಪಾಲಿಯೆಸ್ಟರ್ ಮತ್ತು ನೈಲಾನ್ ಸ್ಥಾಯೀ ವಿದ್ಯುತ್ತನ್ನು ಹುಟ್ಟಿಸುತ್ತವೆ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತವೆ. ಹೆಲ್ಮೆಟ್, ಕಣ್ಣಿನ ರಕ್ಷಾಕನ್ನಡಕ ಮತ್ತು ಕಿವಿಯ ಪ್ಲಗ್ಗುಗಳನ್ನು ಸಂಸ್ಥೆ ಕೊಡಬೇಕು. ಕೊಡದಿದ್ದರೆ ಸ್ವಂತದ್ದನ್ನು ಒಯ್ಯಿರಿ. ಬೀಡಿ, ಸಿಗರೇಟು, ಲೈಟರ್ ಮನೆಯಲ್ಲೇ ಇರಲಿ. ಮೊಬೈಲನ್ನು ವಾಹನದಲ್ಲಿ ಬಿಡುವುದು ಮೊದಮೊದಲು ಕಷ್ಟವೆನಿಸಬಹುದು, ಆದರೆ ಮದ್ದಿಗೆ ಕಿಡಿ ಹೊತ್ತಿಸುವ ವಿದ್ಯುತ್ ಬತ್ತಿಗಳ ಸಮೀಪ ಅದಕ್ಕೆ ಜಾಗವಿಲ್ಲ.

ಬೆಳಗ್ಗೆ ತಲುಪಿದ ಕೂಡಲೇ ಜಾಗದ ಅಳತೆ ನಡೆಯುತ್ತದೆ. ಟೇಪು ಹಿಡಿಯುವ ಕೆಲಸ ಸಿಕ್ಕಿದರೆ ಅದೃಷ್ಟವೆಂದೇ ಭಾವಿಸಿ, ಏಕೆಂದರೆ ಇಡೀ ಕಸುಬಿನ ತಿರುಳು ಅದರಲ್ಲಿದೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಘವಾದ ಎನ್‌ಎಫ್‌ಪಿಎಯ 1123 ಮಾನದಂಡವು ನೇರವಾಗಿ ನಿಲ್ಲಿಸಿದ ಕೊಳವೆಗೂ ಪ್ರೇಕ್ಷಕರಿಗೂ ನಡುವೆ ಶೆಲ್ಲಿನ ಅಳತೆಯ ಇಂಚಿಗೆ ಎಪ್ಪತ್ತು ಅಡಿ ದೂರವನ್ನು ಹೇಳುತ್ತದೆ: ಮೂರು ಇಂಚಿಗೆ 210, ನಾಲ್ಕು ಇಂಚಿಗೆ 280, ಆರು ಇಂಚಿಗೆ 420 ಅಡಿ. ನಮ್ಮಲ್ಲಿ ಅನುಮತಿ ಪತ್ರದಲ್ಲಿ ನಮೂದಿಸಿದ ದೂರವೇ ಅಂತಿಮವಾದರೂ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ, ಮದುವೆಯ ಲಾನಿನಲ್ಲಿ ದೊಡ್ಡ ಶೆಲ್ ಏಕೆ ಹಾರಿಸಲಾಗದು ಎಂಬುದು ಒಂದು ಸುತ್ತು ನಡೆದಾಗಲೇ ಹೊಳೆಯುತ್ತದೆ. ನಗರದೊಳಗಿನ ಲಾನುಗಳಲ್ಲಿ ಮುಖ್ಯಸ್ಥರು ಚಿಕ್ಕ ಅಳತೆಯ ಕೇಕುಗಳನ್ನೇ ಆರಿಸಿಕೊಳ್ಳುವುದು ಜಿಪುಣತನದಿಂದಲ್ಲ.

ಗಾಳಿಯನ್ನು ಓದುವುದು ಎರಡನೆಯ ಪಾಠ. ಮುಂಬಯಿಯ ಕಡಲತೀರದಲ್ಲಿ ಮಧ್ಯಾಹ್ನ ಪಡುವಣದ ಸಮುದ್ರಗಾಳಿ ಬೀಸುತ್ತದೆ, ರಾತ್ರಿಯಾದಂತೆ ಅದು ಇಳಿದು ನೆಲದಿಂದ ಕಡಲಿಗೆ ತಿರುಗಬಹುದು. ಅಂದರೆ ಹಗಲು ಮೂರು ಗಂಟೆಗೆ ನೋಡಿದ ಗಾಳಿಯನ್ನು ನಂಬಿ ರಾತ್ರಿಯ ಬೂದಿ ಎಲ್ಲಿ ಬೀಳುತ್ತದೆಂದು ಹೇಳಲಾಗದು. ಗಾಳಿ ತೀರಾ ಇಲ್ಲದಿದ್ದರೂ ಕಷ್ಟ: ಪುಣೆಯ ಚಳಿಗಾಲದ ರಾತ್ರಿಗಳಲ್ಲಿ ಹೊಗೆ ಮೇಲೇರದೆ ತಗ್ಗಿನಲ್ಲೇ ನಿಂತು, ಎರಡನೆಯ ನಿಮಿಷದ ಹೊತ್ತಿಗೆ ಬಣ್ಣಗಳನ್ನೆಲ್ಲ ಮರೆಮಾಡುತ್ತದೆ. ಗೋವಾದಲ್ಲಿ ಬೇರೆಯೇ ಒಂದು ಕಾಳಜಿ ಇದೆ. ಮೊರ್ಜಿ, ಆಗೊಂದ, ಗಾಲ್ಜಿಬಾಗ ತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಮತ್ತು ಬೆಳಕು, ಸದ್ದು ಅವುಗಳನ್ನು ದಾರಿತಪ್ಪಿಸುತ್ತದೆ. ಗಿರಾಕಿ ಎಷ್ಟೇ ಒತ್ತಾಯಿಸಿದರೂ ಅಂಥ ತೀರದಲ್ಲಿ ಕೆಲಸ ಒಪ್ಪಿಕೊಳ್ಳದ ತಂಡವೇ ಒಳ್ಳೆಯ ತಂಡ.

ಆಮೇಲೆ ಹೊರೆಗೆಲಸ. ಕೊಳವೆಗಳು ಹೆಚ್ಚಾಗಿ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನವು ಅಥವಾ ಫೈಬರ್‌ಗ್ಲಾಸಿನವು. ಸಾಮಾನ್ಯ ಪಿವಿಸಿ ಪೈಪು ಒಡೆದಾಗ ಚೂಪಾದ ಚೂರುಗಳಾಗಿ ಸಿಡಿಯುವುದರಿಂದ ಅದನ್ನು ಬಳಸುವ ತಂಡವನ್ನು ಕಂಡರೆ ದೂರವಿರಿ. ಕೊಳವೆಗಳನ್ನು ನಿಲ್ಲಿಸುವ ಮರದ ಚೌಕಟ್ಟುಗಳು ಪ್ರೇಕ್ಷಕರ ಸಾಲಿಗೆ ಅಡ್ಡವಾಗಿರದೆ, ಅವರ ಕಡೆಗೆ ತುದಿ ಮಾಡಿ ನಿಲ್ಲಬೇಕು. ಆಗ ಚೌಕಟ್ಟು ಮಗುಚಿದರೂ ಎಡಕ್ಕೋ ಬಲಕ್ಕೋ ಮಗುಚುತ್ತದೆ, ಜನರ ಕಡೆಗಲ್ಲ. ಗೂಟ ಹೊಡೆದು, ಅಡ್ಡಪಟ್ಟಿ ಬಿಗಿದು, ಕೈಯಿಂದ ಬಲವಾಗಿ ಅಲುಗಿಸಿ ನೋಡುವುದು ಸ್ವಯಂಸೇವಕರ ಕೆಲಸ. ಬೇಸರವಿಲ್ಲದೆ ಪ್ರತಿ ಚೌಕಟ್ಟನ್ನೂ ಅಲುಗಿಸಿ ನೋಡುವವರನ್ನು ಮುಖ್ಯಸ್ಥರು ಬೇಗ ಗುರುತಿಸುತ್ತಾರೆ.

ಶೆಲ್ ಇಳಿಸುವ ಕೆಲಸ ನಿಮಗೆ ಸಿಗುವುದಕ್ಕೆ ಕೆಲವು ಪ್ರದರ್ಶನಗಳಾದರೂ ಕಳೆಯಬೇಕು. ಸಿಕ್ಕಾಗ ಒಂದು ನಿಯಮವನ್ನು ಎಂದಿಗೂ ಮೀರಬೇಡಿ: ಮೈಯ ಯಾವ ಭಾಗವೂ, ಒಂದು ಕ್ಷಣಕ್ಕೂ, ಕೊಳವೆಯ ಬಾಯಿಯ ಮೇಲೆ ಬರಬಾರದು. ಬಗ್ಗಿ ಒಳಗೆ ಇಣುಕಿ ನೋಡುವ ಹುಟ್ಟುಗುಣವನ್ನು ಪ್ರಯತ್ನಪೂರ್ವಕವಾಗಿ ಬಿಡಬೇಕು. ಪಕ್ಕದಲ್ಲಿ ನಿಂತು, ಶೆಲ್ಲಿನ ಅಳತೆ ಮತ್ತು ಕೊಳವೆಯ ಮೇಲೆ ಬರೆದ ಅಳತೆಯನ್ನು ಗಟ್ಟಿಯಾಗಿ ಹೇಳಿ, ಇನ್ನೊಬ್ಬರು ಹೌದೆಂದ ಮೇಲೆ ನಿಧಾನವಾಗಿ ಇಳಿಸಬೇಕು. ಬಾವಿಗೆ ಕೊಡ ಇಳಿಸುವಷ್ಟೇ ತಾಳ್ಮೆ ಬೇಕು. ಬಿಟ್ಟುಬಿಡುವ ಮಾತೇ ಇಲ್ಲ. ಬಳಿಕ ಬಾಯಿಗೆ ಅಲ್ಯೂಮಿನಿಯಂ ಹಾಳೆ ಹೊದಿಸುತ್ತಾರೆ. ಅದು ಇಬ್ಬನಿಯನ್ನೂ ಪಕ್ಕದ ಕೊಳವೆಯ ಕಿಡಿಯನ್ನೂ ತಡೆಯುತ್ತದೆ, ಯಾವುದು ಹಾರಿದೆ ಯಾವುದು ಹಾರಿಲ್ಲ ಎಂಬುದನ್ನು ಆಮೇಲೆ ದೂರದಿಂದಲೇ ತೋರಿಸುತ್ತದೆ.

ಇ-ಮ್ಯಾಚ್‌ಗಳ, ಅಂದರೆ ವಿದ್ಯುತ್ ಬತ್ತಿಗಳ, ತಂತಿ ಜೋಡಣೆ ಶಿಸ್ತಿನ ಕೆಲಸ. ಜೋಡಿಸುವವರೆಗೂ ತಂತಿಯ ಎರಡು ತುದಿಗಳು ಒಂದಕ್ಕೊಂದು ಸುತ್ತಿಕೊಂಡೇ ಇರಬೇಕು, ಗುಂಡಿ ಒತ್ತಿ ಹಾರಿಸುವ ಫೈರಿಂಗ್ ಸಿಸ್ಟಮ್ಮಿನ ಕೀಲಿಕೈ ಮುಖ್ಯಸ್ಥರ ಜೇಬಿನಲ್ಲೇ ಇರಬೇಕು, ಸರ್ಕ್ಯೂಟ್ ಪರೀಕ್ಷೆ ನಡೆಯುವಾಗ ಹಾರಿಸುವ ಜಾಗದಲ್ಲಿ ಒಬ್ಬರೂ ಇರಬಾರದು. ಪ್ರತಿ ತಂತಿಗೂ ಸಂಖ್ಯೆಯ ಚೀಟಿ ಅಂಟಿಸುವಾಗ ಸಂಗೀತಕ್ಕೆ ಹೊಂದಿಸುವ ಲೆಕ್ಕವೂ ಅರ್ಥವಾಗತೊಡಗುತ್ತದೆ. ಮೂರು ಇಂಚಿನ ಶೆಲ್ ಗುಂಡಿ ಒತ್ತಿದ 2ರಿಂದ 3 ಸೆಕೆಂಡಿನ ಬಳಿಕ ಅರಳುತ್ತದೆ, ದೊಡ್ಡದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು, ಸದ್ದು 340 ಮೀಟರ್ ದೂರದ ಪ್ರೇಕ್ಷಕರಿಗೆ ಮತ್ತೊಂದು ಸೆಕೆಂಡು ತಡವಾಗಿ ಕೇಳುತ್ತದೆ. ಹಾಡಿನ ತಾಳಕ್ಕೆ ಬೆಳಕು ಕೂಡಬೇಕಾದರೆ ಒತ್ತುವ ಕ್ಷಣ ತಾಳಕ್ಕಿಂತ ಮುಂಚೆ ಬರಬೇಕು.

ಹಾರಿಸುವ ಹೊತ್ತು, ಅದರ ನಂತರ

ಪ್ರದರ್ಶನ ನಡೆಯುವಾಗ ಹೊಸಬರಿಗೆ ಕೊಡುವ ಕೆಲಸ ಕಾವಲು. ಜನರಿಗೆ ಬೆನ್ನು ಹಾಕಿ ಆಕಾಶ ನೋಡಬೇಡಿ. ಹಗ್ಗದಾಚೆ ನುಸುಳುವ ಮಕ್ಕಳನ್ನೂ, ವೀಡಿಯೊಗಾಗಿ ಮುಂದೆ ಬರುವ ವರನ ಗೆಳೆಯರನ್ನೂ ನೋಡಿ. ಯಾರಾದರೂ ಒಳಬಂದರೆ ತಡೆಯಲು ಓಡುವುದಕ್ಕಿಂತ ಮೊದಲು ನಿಲ್ಲಿಸುವ ಸಂಕೇತ ಕೊಡಿ. ಎಷ್ಟೇ ಸಣ್ಣ ಸ್ವಯಂಸೇವಕರಿಗೂ ಪ್ರದರ್ಶನ ನಿಲ್ಲಿಸುವ ಹಕ್ಕು ಇರುವ ತಂಡದಲ್ಲಿ ಮಾತ್ರ ಕೆಲಸ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕೊನೆಯ ಸದ್ದು ಅಡಗಿದ ಮೇಲೆ ಕಾಯಬೇಕು, ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ, ಮುಖ್ಯಸ್ಥರು ಹೆಚ್ಚು ಹೇಳಿದರೆ ಹೆಚ್ಚು. ಅಷ್ಟರಲ್ಲಿ ಚಪ್ಪಾಳೆ ಮುಗಿದಿರುತ್ತದೆ, ಊಟದ ಕರೆ ಬಂದಿರುತ್ತದೆ, ಲಾನಿನವರು ಬೇಗ ಖಾಲಿ ಮಾಡಿ ಎನ್ನುತ್ತಿರುತ್ತಾರೆ. ಈ ಒತ್ತಡಕ್ಕೆ ಮಣಿಯದಿರುವುದೇ ಕಸುಬಿನ ಅರ್ಧ. ಹಾರದೆ ಉಳಿದ ಶೆಲ್ ಸುಮ್ಮನಿರುವಂತೆ ಕಂಡರೂ ಒಳಗಿನ ಬತ್ತಿ ಹೊಗೆಯಾಡುತ್ತಿರಬಹುದು. ಸಿಸ್ಟಮ್ ಕಳಚಿ, ಕೀಲಿ ತೆಗೆದ ಮೇಲೆ ಮೊದಲು ಅನುಭವಿಗಳಿಬ್ಬರು ಟಾರ್ಚು ಹಿಡಿದು ಹೋಗುತ್ತಾರೆ, ಅವರ ಕರೆ ಬಂದ ನಂತರವೇ ಉಳಿದವರು. ಹಾರದ ವಸ್ತುವನ್ನು ಕಂಡರೆ ಮುಟ್ಟದೆ, ಬಾವುಟ ನೆಟ್ಟು ಹೇಳಿ. ಅದನ್ನು ನೀರಿಗೆ ಹಾಕಬೇಕೆ, ಬೇರೆಯಾಗಿ ತೆಗೆದಿಡಬೇಕೆ ಎಂದು ನಿರ್ಧರಿಸುವುದು ಮುಖ್ಯಸ್ಥರೇ. ಲೋಹದ ಪುಡಿ ಇರುವ ಕೆಲವು ಮದ್ದುಗಳು ನೀರು ತಾಗಿದರೆ ಬೇರೆ ರೀತಿ ವರ್ತಿಸುತ್ತವೆ.

ರಾತ್ರಿಯ ಟಾರ್ಚಿಗೆ ಎಲ್ಲವೂ ಕಾಣಿಸದು. ಮರುದಿನ ಬೆಳಕು ಹರಿದ ಕೂಡಲೇ ಬಂದು, ಸಾಲಾಗಿ ನಿಂತು, ಕೈಯಳತೆಯ ಅಂತರದಲ್ಲಿ ಇಡೀ ಮೈದಾನವನ್ನು ನಡೆದು ನೋಡಬೇಕು. ಉರಿಯದೆ ಬಿದ್ದ ಗುಳಿಗೆಗಳು ಗೋಲಿಗಳಂತೆ ಇರುತ್ತವೆ, ಮಕ್ಕಳು ಅವನ್ನೇ ಮೊದಲು ಹೆಕ್ಕುವುದು. ಸಂಸ್ಥೆಗೆ ಈ ಕೆಲಸಕ್ಕೆ ಜನ ಸಿಗುವುದು ಕಷ್ಟ, ಆದ್ದರಿಂದ ಇದನ್ನು ನೀವಾಗಿಯೇ ಕೇಳಿ ಪಡೆದುಕೊಳ್ಳಿ. ಯಾವ ಶೆಲ್ಲಿನ ಕಾಗದದ ಚಿಪ್ಪು ಎಲ್ಲಿ ಬಿದ್ದಿದೆ, ಗಾಳಿ ಎಷ್ಟು ದೂರ ಒಯ್ದಿದೆ, ಯಾವ ಕೊಳವೆಯ ಬುಡ ಸೀಳಿದೆ ಎಂಬುದೆಲ್ಲ ನೆಲದ ಮೇಲೆಯೇ ಕಾಣುತ್ತದೆ. ಹಿಂದಿನ ದಿನ ಟೇಪು ಹಿಡಿದು ಅಳೆದವರು ಬೆಳಗ್ಗೆ ಇದನ್ನು ನೋಡಿದಾಗ ಮಾತ್ರ ಆ ಅಳತೆಗಳು ಅವರಿಗೆ ನಿಜವಾಗಿ ದಕ್ಕುತ್ತವೆ.

ದಾಖಲೆ ಮತ್ತು ಮುಂದಿನ ಹೆಜ್ಜೆ

ಪ್ರತಿ ಪ್ರದರ್ಶನದ ದಿನಾಂಕ, ಸ್ಥಳ, ದೊಡ್ಡ ಶೆಲ್ಲಿನ ಅಳತೆ, ಗಾಳಿ, ನೀವು ಮಾಡಿದ ಕೆಲಸ, ಹಾರದೆ ಉಳಿದವು ಎಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಮುಖ್ಯಸ್ಥರ ಸಹಿ ಪಡೆಯಿರಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ರದರ್ಶನ ನಡೆಸುವ ಪರವಾನಗಿಗೆ ಅರ್ಜಿ ಹಾಕುವವರು ಇಂತಿಷ್ಟು ಪ್ರದರ್ಶನಗಳಲ್ಲಿ ನೆರವಾದ ದಾಖಲೆಯನ್ನು ತೋರಿಸಲೇಬೇಕು. ಇಲ್ಲಿಯೂ ಇನ್ನೊಂದು ಸಂಸ್ಥೆಗೆ ಹೋದಾಗ ಬಾಯಿಮಾತಿಗಿಂತ ಆ ಸಹಿಗಳಿಗೆ ಬೆಲೆ ಹೆಚ್ಚು. ರಾಸಾಯನಿಕ ಪರೀಕ್ಷೆ ಮತ್ತು ಸುರಕ್ಷತೆಯ ಕಡೆಗೆ ಒಲವಿದ್ದವರು ಶಿವಕಾಶಿಯಲ್ಲಿ ಪೆಸೊ ನಡೆಸುವ ಪಟಾಕಿ ಸಂಶೋಧನಾ ಕೇಂದ್ರದ ಬಗ್ಗೆ ತಿಳಿದುಕೊಳ್ಳಬಹುದು.

ಒಂದು ಇಡೀ ಋತುವನ್ನು ತಪ್ಪಿಸಿಕೊಳ್ಳದೆ ಮುಗಿಸಿದ ನಂತರ ಸಂಬಳದ ಮಾತನ್ನು ಎತ್ತುವುದು ನ್ಯಾಯವಾದುದೇ. ಅದಕ್ಕಿಂತ ಮೊದಲೇ ಹೋಗಿಬರುವ ಖರ್ಚು ಮತ್ತು ಊಟವನ್ನು ಕೇಳಲು ನಾಚಬಾರದು. ಸ್ವಯಂಸೇವೆ ಎಂದರೆ ಕೈಯಿಂದ ಹಣ ಕಳೆದುಕೊಳ್ಳುವುದಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪ್ರದರ್ಶನಗಳು ನಿಲ್ಲುತ್ತವೆ. ಆಗ ಸಂಸ್ಥೆಯಲ್ಲಿ ಕೊಳವೆ ತೊಳೆಯುವುದು, ಸೀಳಿದ್ದನ್ನು ಬೇರ್ಪಡಿಸುವುದು, ಚೌಕಟ್ಟುಗಳ ಮೊಳೆ ಬಿಗಿಯುವುದು, ತಂತಿಗಳ ಸುರುಳಿ ಸುತ್ತಿ ಸಂಖ್ಯೆ ಹಚ್ಚುವುದು ನಡೆಯುತ್ತದೆ, ಮತ್ತು ಹಿರಿಯರಿಗೆ ಮಾತಾಡಲು ಬಿಡುವಿರುವುದೂ ಆಗಲೇ. ಗಣೇಶ ಚತುರ್ಥಿಯ ಹೊತ್ತಿಗೆ ಮದುವೆಯ ಕಾಲದ ಕೆಲಸಗಳಿಗೆ ಹೆಸರುಗಳ ಪಟ್ಟಿ ಸಿದ್ಧವಾಗತೊಡಗುತ್ತದೆ. ಅದರಲ್ಲಿ ಸೇರಬೇಕೆಂದರೆ ಜುಲೈಯಲ್ಲೇ ವಾರಕ್ಕೊಂದು ದಿನವಾದರೂ ಅಲ್ಲಿ ಕೆಲಸಕ್ಕೆ ಹೋಗಿ.